ಮಾರಾಟಕ್ಕಿರುವ ಹಳೆಯ ಆರ್‌ಡಿ 350 ಕೊಳ್ಳುವ ಮುನ್ನ

"ಆರ್‌ಡಿ 350, 1985ರ ಮಾಡೆಲ್, ಒಬ್ಬರೇ ಮಾಲೀಕರು, ಚೆನ್ನಾಗಿ ಇಟ್ಟುಕೊಂಡಿದ್ದೇವೆ, ದಾಖಲೆ ಸರಿಯಿದೆ." ಇಂಥದೊಂದು ಜಾಹೀರಾತು ಕಣ್ಣಿಗೆ ಬಿದ್ದರೆ ಹಳೆಯ ಬೈಕ್‌ಗಳ ಹುಚ್ಚಿರುವವರಿಗೆ ಆ ದಿನ ಬೇರೆ ಕೆಲಸಕ್ಕೆ ಮನಸ್ಸು ಬರುವುದಿಲ್ಲ. ಕಂಡ ಕೂಡಲೇ ಫೋನ್, ಸಂಜೆಯೊಳಗೆ ಮುಂಗಡ. ಈ ಆತುರದಲ್ಲೇ ತಪ್ಪು ಬೈಕ್ ಮನೆಗೆ ಬರುವುದು. ಹೊಸ ಬಣ್ಣ, ಹೊಳೆಯುವ ಕ್ರೋಮ್, ಕಿವಿ ತುಂಬುವ ಸದ್ದು ಇವೆಲ್ಲ ದುಡ್ಡು ಸುರಿದರೆ ತಿಂಗಳೊಪ್ಪತ್ತಿನಲ್ಲಿ ಸಿಗುತ್ತವೆ. ನೆಟ್ಟಗಿರುವ ಕ್ರ್ಯಾಂಕ್ (ಪಿಸ್ಟನ್ನಿನ ಏರಿಳಿತವನ್ನು ತಿರುಗುವಿಕೆಯಾಗಿಸುವ ಇಂಜಿನ್ನಿನ ದಂಡ) ಮತ್ತು ನೆಟ್ಟಗಿರುವ ಕಾಗದಪತ್ರ ಹಾಗೆ ಸಿಗುವುದಿಲ್ಲ. ನಲವತ್ತು ವರ್ಷದ ಆರ್‌ಡಿಯ ಬೆಲೆ ನಿಂತಿರುವುದು ಇವೆರಡರ ಮೇಲೆಯೇ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಕೆಳಗಿನ ಹೆಜ್ಜೆಗಳನ್ನು ಅದಕ್ಕೆ ತಕ್ಕಂತೆ ಜೋಡಿಸಿದ್ದೇನೆ.

ಮೊದಲ ಹೆಜ್ಜೆ: ಕೊಳ್ಳಲು ಹೊರಟಿರುವುದು ಯಾವ ಆರ್‌ಡಿ?

ಯಮಹಾ ಕಂಪನಿ ಆರ್‌ಡಿ 350ಯನ್ನು ಮಾರುಕಟ್ಟೆಗೆ ತಂದದ್ದು 1973ರಲ್ಲಿ. 347 ಸಿಸಿಯ, ಗಾಳಿಯಿಂದಲೇ ತಣಿಯುವ ಜೋಡಿ ಸಿಲಿಂಡರಿನ ಟೂ ಸ್ಟ್ರೋಕ್ ಇಂಜಿನ್, ರೀಡ್ ವಾಲ್ವ್ (ಒಳಬಂದ ಪೆಟ್ರೋಲ್ ಮಿಶ್ರಣ ಹಿಂದಕ್ಕೆ ಹೋಗದಂತೆ ತಡೆಯುವ ತೆಳು ಕವಾಟ), ಆರು ಗೇರು, 39 ಅಶ್ವಶಕ್ತಿ, ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕ್. ಆ ಕಾಲದ ಯಮಹಾ ರೇಸ್ ಬೈಕ್‌ಗಳಿಗೆ ಇದು ಹತ್ತಿರದ ಬಂಧು. 1976ರಲ್ಲಿ ಆರ್‌ಡಿ 400 ಇದರ ಜಾಗಕ್ಕೆ ಬಂತು. ಜಪಾನಿನಲ್ಲಿ ಇದರ ಅಧ್ಯಾಯ ಮುಗಿದು ವರ್ಷಗಳಾದ ಮೇಲೆ, 1983ರಲ್ಲಿ, ಎಸ್ಕಾರ್ಟ್ಸ್ ಕಂಪನಿ ಅದೇ ಬೈಕನ್ನು ರಾಜದೂತ್ 350 ಎಂಬ ಹೆಸರಿನಲ್ಲಿ ಭಾರತದ ರಸ್ತೆಗೆ ಇಳಿಸಿತು. ಮುಂದಿನ ಡಿಸ್ಕ್ ಹೋಗಿ ಡ್ರಮ್ ಬಂತು. ಮೈಲೇಜಿನ ಚಿಂತೆಯಿಂದ ಇಂಜಿನ್ನಿನ ಶಕ್ತಿಯನ್ನೂ ತಗ್ಗಿಸಿದರು. ಹಾಗೆ ತಗ್ಗಿಸಿದ ಮೇಲೂ ಉಳಿದದ್ದು 30.5 ಅಶ್ವಶಕ್ತಿ. ಅಂದಿನ ಬುಲೆಟ್ 350ಗೆ ಇದ್ದದ್ದು 18.

ಈ ಮೊದಲ ಕಂತಿನ ಬೈಕ್‌ಗಳನ್ನೇ ಈಗ ಎಚ್‌ಟಿ (ಹೈ ಟಾರ್ಕ್) ಎನ್ನುತ್ತಾರೆ. ಇವುಗಳಲ್ಲಿ ಜಪಾನಿನಿಂದ ಬಂದ ಭಾಗಗಳು ಹೆಚ್ಚು. 1985ರ ಸುಮಾರಿಗೆ ಬಂದ ಎಲ್‌ಟಿಯಲ್ಲಿ (ಲೋ ಟಾರ್ಕ್) ಪೋರ್ಟ್‌ಗಳನ್ನೂ (ಸಿಲಿಂಡರಿನಲ್ಲಿ ಮಿಶ್ರಣವೂ ಹೊಗೆಯೂ ಹಾಯುವ ಕಿಂಡಿಗಳು) ಎಕ್ಸಾಸ್ಟನ್ನೂ ಇನ್ನಷ್ಟು ಬಿಗಿ ಮಾಡಿ ಶಕ್ತಿಯನ್ನು 27ಕ್ಕೆ ಇಳಿಸಿದರು, ದೇಶೀಯ ಭಾಗಗಳೂ ಹೆಚ್ಚಿದವು. ದಶಕ ಮುಗಿಯುವ ಹೊತ್ತಿಗೆ ತಯಾರಿಕೆಯೇ ನಿಂತಿತು. ಪೆಟ್ರೋಲ್ ಕುಡಿಯುತ್ತದೆ, ಬಿಡಿಭಾಗ ದುಬಾರಿ ಎಂದು ಆಗಿನ ಮಧ್ಯಮ ವರ್ಗ ಇದರಿಂದ ದೂರ ಉಳಿಯಿತು. ಕೊಂಡವರಲ್ಲಿ ಹಲವರು ಮದ್ರಾಸಿನ ಹೊರವಲಯದ ಶೋಲಾವರಂ ರೇಸಿನ ಹುಚ್ಚು ಹಿಡಿಸಿಕೊಂಡ ಹುಡುಗರು. ಅಂದರೆ ಇಂದು ಮಾರಾಟಕ್ಕೆ ಬರುವ ಬೈಕ್‌ಗಳಲ್ಲಿ ಬಹಳಷ್ಟು ಯೌವನದಲ್ಲಿ ಚೆನ್ನಾಗಿ ಹೊಡೆಸಿಕೊಂಡಂಥವು. ಸೀಜ್ ಆಗದೆ (ಪಿಸ್ಟನ್ ಕಾದು ಸಿಲಿಂಡರಿಗೆ ಕಚ್ಚಿಕೊಳ್ಳದೆ), ಬೋರ್ ಮಾಡಿಸದೆ (ಸಿಲಿಂಡರನ್ನು ಕೊರೆಸಿ ಅಗಲಿಸದೆ) ಉಳಿದ ಆರ್‌ಡಿ ಅಪರೂಪ. ಅದನ್ನು ಒಪ್ಪಿಕೊಂಡೇ ನೋಡಲು ಹೋಗಬೇಕು.

ಎಚ್‌ಟಿ ಎಂದರೆ ಬೆಲೆ ಏರುತ್ತದೆ, ಆದ್ದರಿಂದ ಎಲ್ಲರ ಬೈಕೂ ಎಚ್‌ಟಿಯೇ. ತಯಾರಾದ ವರ್ಷ ಒಂದು ಸುಳಿವು ಮಾತ್ರ. ಸಿಲಿಂಡರ್ ಬ್ಲಾಕ್ ನಡುವೆ ಎಲ್ಲೋ ಬದಲಾಗಿರಬಹುದು. ಮಾರುವವರ ಮಾತನ್ನು ನಂಬುವುದೂ ಬೇಡ, ಅಲ್ಲಗಳೆಯುವುದೂ ಬೇಡ. ಇಂಜಿನ್ ಬಿಚ್ಚಿ ಬಲ್ಲ ಮೆಕ್ಯಾನಿಕ್ ನೋಡಿ ಹೇಳುವ ತನಕ ಎಲ್‌ಟಿಯ ಬೆಲೆಯಲ್ಲೇ ಮಾತನಾಡಿ. ನನ್ನನ್ನು ಕೇಳಿದರೆ, ನೆಟ್ಟಗಿರುವ ಎಲ್‌ಟಿ ದಣಿದ ಎಚ್‌ಟಿಗಿಂತ ಎಷ್ಟೋ ಮೇಲು. 27 ಅಶ್ವಶಕ್ತಿಯ ಟೂ ಸ್ಟ್ರೋಕ್ ಆರೋಗ್ಯವಾಗಿದ್ದರೆ ಇಂದಿನ ರಸ್ತೆಯಲ್ಲೂ ಮೈ ಜುಮ್ಮೆನಿಸುತ್ತದೆ.

ಎರಡನೇ ಹೆಜ್ಜೆ: ಫೋನಿನಲ್ಲೇ ಮುಗಿಸಬೇಕಾದ ಮಾತು

ಹೋಗುವ ಮೊದಲು ಮೂರು ವಿಷಯ ಕೇಳಿ. ಆರ್‌ಸಿ ಯಾರ ಹೆಸರಿನಲ್ಲಿದೆ, ಅವರು ಇದ್ದಾರೆಯೇ? ನೋಂದಣಿ ನವೀಕರಣ ಯಾವಾಗ ಆಗಿದೆ, ಯಾವಾಗಿನವರೆಗೆ ಇದೆ? ಇಂಜಿನ್ ಕೊನೆಯ ಬಾರಿ ಬಿಚ್ಚಿದ್ದು ಯಾವಾಗ, ಬಿಚ್ಚಿದವರು ಯಾರು? ಮೂರನೆಯದಕ್ಕೆ ಬರುವ ಉತ್ತರವನ್ನು ಗಮನವಿಟ್ಟು ಕೇಳಿಸಿಕೊಳ್ಳಿ. ನಿಜವಾಗಿ ಬೈಕ್ ಸಾಕಿದವರು ಈ ಪ್ರಶ್ನೆಗೆ ಅರ್ಧ ಗಂಟೆ ಮಾತನಾಡುತ್ತಾರೆ. ಪಿಸ್ಟನ್ ಎಲ್ಲಿ ಸಿಕ್ಕಿತು, ಲೇತ್ ಕೆಲಸ ಯಾರ ಹತ್ತಿರ ಮಾಡಿಸಿದರು, ಕ್ರ್ಯಾಂಕ್‌ಗೆ ಯಾವ ಬೇರಿಂಗ್ ಹಾಕಿಸಿದರು ಎಂಬುದೆಲ್ಲ ಅವರ ನಾಲಿಗೆಯ ಮೇಲಿರುತ್ತದೆ. ಕೊಂಡು ಮಾರುವ ದಲ್ಲಾಳಿಯಾದರೆ "ಇಂಜಿನ್‌ಗೆ ಕೈಯೇ ಹಾಕಿಲ್ಲ ಸಾರ್, ಕಂಪನಿಯಿಂದ ಬಂದ ಹಾಗೇ ಇದೆ" ಎನ್ನುತ್ತಾರೆ. ನಲವತ್ತು ವರ್ಷದ ಟೂ ಸ್ಟ್ರೋಕ್ ಇಂಜಿನ್ನಿಗೆ ಯಾರೂ ಕೈ ಹಾಕಿಲ್ಲ ಎಂದರೆ ಅದರ ರಬ್ಬರ್ ಸೀಲುಗಳಿಗೂ ನಲವತ್ತು ವರ್ಷ ಎಂದರ್ಥ. ಅದು ಒಳ್ಳೆಯ ಸುದ್ದಿಯಲ್ಲ.

ಕೊನೆಗೆ ಒಂದು ವಿನಂತಿ ಮಾಡಿ: "ನಾನು ಬರುವ ತನಕ ಬೈಕ್ ಸ್ಟಾರ್ಟ್ ಮಾಡಬೇಡಿ." ಇದಕ್ಕೆ ತಪ್ಪದೆ ಒಪ್ಪಿಸಿ. ತಣ್ಣಗಿನ ಇಂಜಿನ್ ಹೇಳುವ ಅರ್ಧದಷ್ಟು ನಿಜವನ್ನೂ ಬಿಸಿ ಇಂಜಿನ್ ಹೇಳುವುದಿಲ್ಲ.

ಮೂರನೇ ಹೆಜ್ಜೆ: ಬೈಕಿಗಿಂತ ಮೊದಲು ಆರ್‌ಸಿ

ಹೋದ ಕೂಡಲೇ ಬೈಕಿನ ಸುತ್ತ ಸುತ್ತಬೇಡಿ. ಕುಳಿತು ಆರ್‌ಸಿ ಕೇಳಿ. ಅದರಲ್ಲಿರುವ ಚಾಸಿ ನಂಬರ್ ಮತ್ತು ಇಂಜಿನ್ ನಂಬರ್ ಬರೆದುಕೊಂಡು ಹೋಗಿ ಬೈಕಿನ ಮೇಲಿರುವುದಕ್ಕೆ ಹೋಲಿಸಿ. ಚಾಸಿ ನಂಬರ್ ಹ್ಯಾಂಡಲಿನ ಕೆಳಗೆ, ಫ್ರೇಮಿನ ಕುತ್ತಿಗೆಯಲ್ಲಿ ಕೊರೆದಿರುತ್ತದೆ. ಇಂಜಿನ್ ನಂಬರ್ ಕ್ರ್ಯಾಂಕ್‌ಕೇಸಿನ ಮೇಲಿರುತ್ತದೆ. ಬರೀ ಕಣ್ಣಿನಲ್ಲಿ ಓದಿ ಬಿಡಬೇಡಿ. ತೆಳುವಾದ ಹಾಳೆಯನ್ನು ನಂಬರಿನ ಮೇಲಿಟ್ಟು ಪೆನ್ಸಿಲ್ ಉಜ್ಜಿ, ಆರ್‌ಟಿಒ ಕೆಲಸಕ್ಕೆ ಚಾಸಿ ಪ್ರಿಂಟ್ ತೆಗೆಯುತ್ತಾರಲ್ಲ, ಹಾಗೆ. ಕಾರ್ಖಾನೆಯಲ್ಲಿ ಒತ್ತಿದ ಅಂಕಿಗಳು ಒಂದೇ ಆಳ, ಒಂದೇ ಸಾಲಿನಲ್ಲಿ ಮೂಡುತ್ತವೆ. ಉಳಿಯಿಂದ ಒಂದೊಂದಾಗಿ ಹೊಡೆದ ಅಂಕಿಗಳು ಓರೆಕೋರೆಯಾಗಿ ಬರುತ್ತವೆ. ಅಂಕಿಗಳ ಸುತ್ತಲಿನ ಲೋಹವನ್ನು ಉಜ್ಜಿ ತೆಳುವಾಗಿಸಿದ್ದರೆ ಅದೂ ಹಾಳೆಯ ಮೇಲೆ ಕಾಣುತ್ತದೆ. ಅಂಕಿಗಳ ಮೇಲೆ ದಪ್ಪ ಬಣ್ಣ ಬಳಿದಿದ್ದರೆ ಒರೆಸಲು ಅನುಮತಿ ಕೇಳಿ. ಕೊಡದಿದ್ದರೆ ಚಹಾ ಕುಡಿದು ಹೊರಟುಬಿಡಿ.

ಇಂಜಿನ್ ನಂಬರ್ ಹೊಂದದ ಆರ್‌ಡಿಗಳು ಬಹಳ. ಒಂದು ಕಾಲದಲ್ಲಿ ಕ್ರ್ಯಾಂಕ್‌ಕೇಸ್ ಒಡೆದರೆ ಗುಜರಿಯಿಂದ ಇನ್ನೊಂದನ್ನು ತಂದು ಕೂರಿಸುವುದು ವಾಡಿಕೆಯಾಗಿತ್ತು. ಅದನ್ನು ಆರ್‌ಸಿಯಲ್ಲಿ ನಮೂದು ಮಾಡಿಸದಿದ್ದರೆ ವರ್ಗಾವಣೆಯ ದಿನ ಸಿಕ್ಕಿಬೀಳುವವರು ನೀವು. ಮಾರುವವರೇ ಅದನ್ನು ಸರಿಪಡಿಸಿಕೊಡಲಿ, ಆಮೇಲೆ ಮಾತು.

ಆರ್‌ಸಿಯ ಹೆಸರು ತೀರಿಹೋದವರದ್ದಾದರೆ ಹೆದರಬೇಕಿಲ್ಲ, ತಾಳ್ಮೆ ಬೇಕು. ಅಪ್ಪನ ಅಥವಾ ಅಜ್ಜನ ಬೈಕನ್ನು ಮಕ್ಕಳು ಮಾರುವುದು ಈಗ ಸಾಮಾನ್ಯ, ಒಳ್ಳೆಯ ಬೈಕ್‌ಗಳು ಹೆಚ್ಚಾಗಿ ಸಿಗುವುದೂ ಇಂಥ ಮನೆಗಳಲ್ಲೇ. ಮರಣ ಪ್ರಮಾಣಪತ್ರ, ವಂಶವೃಕ್ಷ, ಉಳಿದ ವಾರಸುದಾರರ ಒಪ್ಪಿಗೆ ಪತ್ರಗಳೊಂದಿಗೆ ನಮೂನೆ 31 ಸಲ್ಲಿಸಿ ಬೈಕ್ ಮೊದಲು ಅವರ ಹೆಸರಿಗೆ ಬರಬೇಕು, ಅಲ್ಲಿಂದ ನಿಮ್ಮ ಹೆಸರಿಗೆ. ನೇರವಾಗಿ ದಾಟಿಸಿ ಕೊಡುತ್ತೇನೆ ಎನ್ನುವ ಏಜೆಂಟರ ಮಾತಿಗೆ ಕಿವಿಗೊಡಬೇಡಿ.

ಕೆಎ ಸರಣಿ ಬರುವ ಮೊದಲಿನ ಮೂರಕ್ಷರದ ನಂಬರಿನ ಬೈಕಾದರೆ ಅದರ ವಿವರ ಪರಿವಾಹನ ಜಾಲತಾಣದಲ್ಲಿ ಬರುತ್ತದೆಯೇ ನೋಡಿ. ಬಾರದಿದ್ದರೆ ಆರ್‌ಟಿಒ ಕಚೇರಿಯಲ್ಲಿ ಹಳೆಯ ಪುಸ್ತಕ ನೋಡಿ ಬ್ಯಾಕ್‌ಲಾಗ್ ಎಂಟ್ರಿ (ಹಳೆಯ ವಿವರವನ್ನು ಕಂಪ್ಯೂಟರಿಗೆ ಸೇರಿಸುವುದು) ಮಾಡಿಸಬೇಕಾಗುತ್ತದೆ. ಇದು ಆಗದೆ ನವೀಕರಣವೂ ಇಲ್ಲ, ವರ್ಗಾವಣೆಯೂ ಇಲ್ಲ. ದೆಹಲಿ ಕಡೆಯಿಂದ ಬಂದ ಬೈಕುಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಅಲ್ಲಿ 15 ವರ್ಷ ದಾಟಿದ ಪೆಟ್ರೋಲ್ ವಾಹನಗಳ ಮೇಲೆ ನಿರ್ಬಂಧ ಬಂದ ಮೇಲೆ ನೋಂದಣಿ ರದ್ದಾದ ಗಾಡಿಗಳು ಎಷ್ಟೋ. ನಮೂನೆ 28ರ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಕೈಗೆ ಬಾರದೆ ಒಂದು ರೂಪಾಯಿ ಮುಂಗಡವನ್ನೂ ಕೊಡಬೇಡಿ. ಹೊರರಾಜ್ಯದ ಬೈಕಾದರೆ ಇಲ್ಲಿನ ತೆರಿಗೆಯನ್ನೂ ಲೆಕ್ಕಕ್ಕೆ ಹಿಡಿಯಿರಿ.

ನಾಲ್ಕನೇ ಹೆಜ್ಜೆ: ತಣ್ಣಗಿನ ಇಂಜಿನ್

ಸಿಲಿಂಡರಿನ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ ನಿಮ್ಮ ವಿನಂತಿಯನ್ನು ಅವರು ನಡೆಸಿಕೊಟ್ಟಿಲ್ಲ. ಇನ್ನೊಂದು ದಿನ ಬನ್ನಿ.

ತಣ್ಣಗಿದ್ದರೆ ಸ್ಟಾರ್ಟ್ ಮಾಡುವ ಮೊದಲು ಇಂಜಿನ್ನಿನ ಎಡಬದಿಯ ಕವರ್ ಬಿಚ್ಚಲು ಕೇಳಿ. ಸ್ಕ್ರೂಡ್ರೈವರ್ ಇದ್ದರೆ ಐದು ನಿಮಿಷದ ಕೆಲಸ. ಒಳಗೆ ಆಲ್ಟರ್ನೇಟರ್ ಮತ್ತು ಎರಡು ಜೊತೆ ಪಾಯಿಂಟ್‌ಗಳು (ಪ್ಲಗ್‌ಗೆ ಕಿಡಿ ಹಾರುವ ಹೊತ್ತನ್ನು ನಿಗದಿ ಮಾಡುವ ಸ್ವಿಚ್ಚುಗಳು) ಇರುತ್ತವೆ. ಈ ಜಾಗ ಒಣಗಿರಬೇಕು. ಸ್ವಲ್ಪ ಧೂಳು ಇದ್ದರೆ ಅಡ್ಡಿಯಿಲ್ಲ. ಕಪ್ಪು ಜಿಡ್ಡು ಕ್ರ್ಯಾಂಕಿನ ತುದಿಯಿಂದ ಸುತ್ತಲೂ ಚಿಮ್ಮಿದ ಹಾಗೆ ಕಂಡರೆ, ತಳದಲ್ಲಿ ಎಣ್ಣೆಯ ಪಸೆ ನಿಂತಿದ್ದರೆ, ಎಡಗಡೆಯ ಕ್ರ್ಯಾಂಕ್ ಸೀಲ್ ಹೋಗಿದೆ. ಟೂ ಸ್ಟ್ರೋಕಿನಲ್ಲಿ ಈ ಸೀಲ್ ಎಣ್ಣೆ ತಡೆಯುವುದಕ್ಕಿಂತ ಮುಖ್ಯವಾಗಿ ಗಾಳಿ ತಡೆಯುತ್ತದೆ. ಪಿಸ್ಟನ್ ಮೇಲೇಳುವಾಗ ಕ್ರ್ಯಾಂಕ್‌ಕೇಸಿನಲ್ಲಿ ನಿರ್ವಾತ ಉಂಟಾಗಿ ಕಾರ್ಬುರೇಟರಿನಿಂದ ಪೆಟ್ರೋಲ್ ಮಿಶ್ರಣ ಒಳಗೆ ಬರುತ್ತದೆ. ಸೀಲ್ ಹರಿದಿದ್ದರೆ ಆ ದಾರಿಯಿಂದ ಬರೀ ಗಾಳಿ ನುಗ್ಗುತ್ತದೆ. ಮಿಶ್ರಣ ತೆಳುವಾಗುತ್ತದೆ, ಎಡಗಡೆಯ ಪಿಸ್ಟನ್ ಕಾಯುತ್ತದೆ, ಹೆದ್ದಾರಿಯಲ್ಲಿ ವೇಗದಲ್ಲಿರುವಾಗ ಸಿಲಿಂಡರ್ ಗೋಡೆಗೆ ಕಚ್ಚಿಕೊಳ್ಳುತ್ತದೆ. ಹಿಂದಿನ ಚಕ್ರ ಅಲ್ಲೇ ಲಾಕ್ ಆಗುವುದು ಹೀಗೆ. ಹಳೆಯ ಆರ್‌ಡಿ ಓಡಿಸುವವರು ಕ್ಲಚ್ ಲಿವರಿನ ಮೇಲೆ ಸದಾ ಎರಡು ಬೆರಳು ಇಟ್ಟಿರುವುದು ಇದೇ ಕಾರಣಕ್ಕೆ.

ಇಲ್ಲಿರುವಾಗಲೇ ಕ್ರ್ಯಾಂಕಿನ ತುದಿಯನ್ನು ಹಿಡಿದು ಮೇಲೆ ಕೆಳಗೆ ಅಲುಗಾಡಿಸಿ ನೋಡಿ. ಕೈಗೆ ತಿಳಿಯುವಷ್ಟು ಆಟವಿದ್ದರೆ ಮೇನ್ ಬೇರಿಂಗ್ ಸವೆದಿದೆ. ಈ ಕ್ರ್ಯಾಂಕ್ ಒಂದೇ ಲೋಹದ ತುಂಡಲ್ಲ, ಹಲವು ಭಾಗಗಳನ್ನು ಪ್ರೆಸ್ಸಿನಲ್ಲಿ ಒತ್ತಿ ಕೂಡಿಸಿದ್ದು. ಬೇರಿಂಗ್ ಅಥವಾ ಕನೆಕ್ಟಿಂಗ್ ರಾಡ್ ಬದಲಿಸಬೇಕೆಂದರೆ ಎಲ್ಲವನ್ನೂ ಬಿಡಿಸಿ, ಮತ್ತೆ ಒತ್ತಿ, ಡಯಲ್ ಗೇಜ್ ಇಟ್ಟು ಕೂದಲೆಳೆಯಷ್ಟೂ ವಕ್ರವಿಲ್ಲದಂತೆ ನೇರ ಮಾಡಬೇಕು. ಈ ಕೆಲಸ ಬಲ್ಲ ಕೈಗಳು ಊರಿಗೊಂದಿಲ್ಲ. ಕ್ರ್ಯಾಂಕ್ ಕೆಲಸ ಬಾಕಿಯಿರುವ ಬೈಕಿಗೆ ಆ ಖರ್ಚನ್ನು ಪೂರ್ತಿ ಕಳೆದೇ ಬೆಲೆ ಹೇಳಿ.

ಕಿಕ್ ಹೊಡೆಯುವ ಮುನ್ನ ಇನ್ನೊಂದು ಪರೀಕ್ಷೆ ಇದೆ, ಅಪರೂಪಕ್ಕೆ ಯಾರೋ ಮಾಡುತ್ತಾರೆ. ಮಾರುವವರು ಒಪ್ಪಿದರೆ ಒಂದು ಬದಿಯ ಸೈಲೆನ್ಸರನ್ನು ಸಿಲಿಂಡರಿಗೆ ಬಿಗಿದ ನಟ್‌ಗಳನ್ನು ಬಿಚ್ಚಿ ಇಳಿಸಿ. ಎಕ್ಸಾಸ್ಟ್ ಪೋರ್ಟಿನ ಬಾಯೊಳಗೆ ಮೊಬೈಲಿನ ಟಾರ್ಚ್ ಬಿಟ್ಟು, ಕಿಕ್ ಲಿವರನ್ನು ಕೈಯಲ್ಲೇ ನಿಧಾನವಾಗಿ ಒತ್ತುತ್ತಾ ಹೋಗಿ. ಪಿಸ್ಟನ್ನಿನ ಮುಂಭಾಗ ಪೂರ್ತಿಯಾಗಿ ಕಣ್ಣೆದುರು ಹಾದುಹೋಗುತ್ತದೆ. ನಯವಾಗಿ, ಬೂದು ಬಣ್ಣದಲ್ಲಿದ್ದರೆ ಒಳ್ಳೆಯದು. ಮೇಲಿಂದ ಕೆಳಗೆ ಉದ್ದುದ್ದ ಗೀರುಗಳಿದ್ದು, ಅಲ್ಯೂಮಿನಿಯಂ ಬಳಿದುಕೊಂಡಂತೆ ಹೊಳೆಯುತ್ತಿದ್ದರೆ ಆ ಪಿಸ್ಟನ್ ಒಮ್ಮೆ ಸೀಜ್ ಆಗಿ ಬಂದದ್ದು. ಪಿಸ್ಟನ್ ರಿಂಗ್‌ಗಳು ತಮ್ಮ ತೋಡಿನಲ್ಲಿ ಸಡಿಲವಾಗಿವೆಯೇ ಅಥವಾ ಕಾರ್ಬನ್ನಿನಲ್ಲಿ ಕಚ್ಚಿಕೊಂಡಿವೆಯೇ ಎಂಬುದೂ ಪೋರ್ಟಿನ ಮೂಲಕ ಸಣ್ಣ ಕಡ್ಡಿಯಿಂದ ಒತ್ತಿದರೆ ತಿಳಿಯುತ್ತದೆ. ಬೈಕಿನ ಚರಿತ್ರೆಯ ಬಗ್ಗೆ ಯಾರು ಏನೇ ಹೇಳಲಿ, ಪಿಸ್ಟನ್ನಿನ ಮೇಲೆ ಬರೆದಿರುವುದೇ ನಿಜ.

ಸ್ಪಾರ್ಕ್ ಪ್ಲಗ್‌ಗಳನ್ನೂ ಬಿಚ್ಚಿ ಅಕ್ಕಪಕ್ಕ ಇಡಿ. ಎರಡೂ ಒಂದೇ ಕಂದು ಬಣ್ಣದಲ್ಲಿರಬೇಕು. ಒಂದು ಬೆಳ್ಳಗೆ, ಇನ್ನೊಂದು ಕರ್ರಗೆ ಇದ್ದರೆ ಎರಡು ಸಿಲಿಂಡರುಗಳು ಬೇರೆ ಬೇರೆ ಸಂಸಾರ ನಡೆಸುತ್ತಿವೆ. ಬೆಳ್ಳಗಿರುವುದೇ ಹೆಚ್ಚು ಅಪಾಯದ್ದು, ಮಿಶ್ರಣ ತೆಳುವಾಗಿರುವ ಗುರುತು ಅದು. ಪ್ಲಗ್ ತೂತಿನಿಂದ ಟಾರ್ಚ್ ಬಿಟ್ಟರೆ ಪಿಸ್ಟನ್ನಿನ ತಲೆಯ ಮೇಲೆ ಓವರ್‌ಸೈಜ್ ಅಂಕಿ ಕಾಣಬಹುದು. ಮೂಲ ಬೋರ್ 64 ಮಿ.ಮೀ. ಅಲ್ಲಿಂದ ಕಾಲು ಮಿ.ಮೀ.ನಂತೆ 1 ಮಿ.ಮೀ. ತನಕ ಹೋಗಬಹುದು. ಕೊನೆಯ ಅಳತೆಗೆ ಬಂದ ಬ್ಲಾಕ್ ಆಗಿದ್ದರೆ ಮುಂದಿನ ಸಲ ಹೊಸ ಸ್ಲೀವ್ (ಸಿಲಿಂಡರಿನ ಒಳಗೋಡೆಯ ಕೊಳವೆ) ಬೇಕು. ಕಂಪ್ರೆಶನ್ ಗೇಜ್ ಇದ್ದರೆ ಎರಡೂ ಕಡೆ ಅಳೆಯಿರಿ. ಸಂಖ್ಯೆಗಿಂತ ಎರಡರ ನಡುವಿನ ವ್ಯತ್ಯಾಸ ಮುಖ್ಯ. ಹತ್ತು ಶೇಕಡಕ್ಕಿಂತ ಹೆಚ್ಚಾದರೆ ಕಾರಣ ಹುಡುಕಬೇಕು.

ಐದನೇ ಹೆಜ್ಜೆ: ಸ್ಟಾರ್ಟ್ ಮಾಡಿ, ಹೊಗೆ ನೋಡಿ, ಕಿವಿಗೊಡಿ

ಚೋಕ್ ಎಳೆದು ನಾಲ್ಕೈದು ಕಿಕ್ಕಿನೊಳಗೆ ಸ್ಟಾರ್ಟ್ ಆಗಬೇಕು. ಮೊದಲ ಎರಡು ಮೂರು ನಿಮಿಷ ಹೊಗೆ ಬರುವುದು ಸಹಜ. ಹಿಂದೆ ನಿಂತು ನೋಡಿ, ಎರಡೂ ಸೈಲೆನ್ಸರುಗಳಿಂದ ಸಮವಾಗಿ ಬರುತ್ತಿದೆಯೇ? ಇಂಜಿನ್ ಬಿಸಿಯಾದ ಮೇಲೂ ಬಲಗಡೆಯಿಂದ ಮಾತ್ರ ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ ಬಲಗಡೆಯ ಕ್ರ್ಯಾಂಕ್ ಸೀಲ್ ಸೋತಿದೆ. ಆ ಬದಿಯಲ್ಲಿ ಕ್ಲಚ್ ಮತ್ತು ಗೇರ್ ಎಣ್ಣೆ ಇರುವುದರಿಂದ ಇಂಜಿನ್ ಆ ಎಣ್ಣೆಯನ್ನೇ ಹೀರಿ ಸುಡುತ್ತಿರುತ್ತದೆ. ಗೇರ್ ಎಣ್ಣೆಯ ಮಟ್ಟ ನೋಡಿದರೆ ಖಚಿತವಾಗುತ್ತದೆ.

ಈಗ ಆಕ್ಸಿಲರೇಟರ್ ಒಮ್ಮೆ ತಿರುಗಿಸಿ ಬಿಡಿ. ಸದ್ದು ಏರಿದಷ್ಟೇ ಚುರುಕಾಗಿ ಇಳಿದು ಐಡಲಿಂಗಿಗೆ ನಿಲ್ಲಬೇಕು. ಇಳಿಯಲು ಸಮಯ ತೆಗೆದುಕೊಂಡು ತಾನಾಗಿ ತೇಲುತ್ತಿದ್ದರೆ ಎಲ್ಲೋ ಗಾಳಿ ನುಗ್ಗುತ್ತಿದೆ. ಕಾರ್ಬುರೇಟರಿನ ರಬ್ಬರ್ ಬಿರುಕು ಬಿಟ್ಟಿರಬಹುದು, ರೀಡ್ ಬ್ಲಾಕಿನ ಗ್ಯಾಸ್ಕೆಟ್ ಇರಬಹುದು, ಸೀಲ್ ಇರಬಹುದು. ಮೊದಲಿನ ಎರಡು ಅಗ್ಗದ ರಿಪೇರಿ. ಮೂರನೆಯದಕ್ಕೆ ಇಂಜಿನ್ ಇಳಿಸಿ ಬಿಚ್ಚಬೇಕು. ಮಾರುವವರು ಮೊದಲನೆಯದು ಎನ್ನುತ್ತಾರೆ, ನೀವು ಮೂರನೆಯದರ ಲೆಕ್ಕ ಹಾಕಿ.

ಸದ್ದಿನ ವಿಷಯದಲ್ಲಿ ಅನುಭವಿ ಕಿವಿ ಬೇಕು. ಗಾಳಿಯಿಂದ ತಣಿಯುವ ಟೂ ಸ್ಟ್ರೋಕ್ ಅಲ್ಪಸ್ವಲ್ಪ ಕಿಣಿಕಿಣಿ ಮಾಡಿಯೇ ಮಾಡುತ್ತದೆ, ಅದಕ್ಕೆ ಗಾಬರಿ ಬೇಡ. ತಳದಿಂದ ಬರುವ ಭಾರವಾದ ಬಡಿತ ಅಥವಾ ಗುಡುಗಿನಂಥ ಸದ್ದು ಬಿಗ್ ಎಂಡ್ (ಕನೆಕ್ಟಿಂಗ್ ರಾಡಿನ ಕೆಳತುದಿ) ಮತ್ತು ಮೇನ್ ಬೇರಿಂಗುಗಳದು. ಗೊತ್ತಿರುವ ಮೆಕ್ಯಾನಿಕ್ ಒಬ್ಬರನ್ನು ಅವರ ಅರ್ಧ ದಿನದ ಕೂಲಿ ಕೊಟ್ಟಾದರೂ ಕರೆದುಕೊಂಡು ಹೋಗಿ. ಇಡೀ ವ್ಯವಹಾರದಲ್ಲಿ ಇದಕ್ಕಿಂತ ಲಾಭದ ಖರ್ಚು ಇನ್ನೊಂದಿಲ್ಲ.

ಆರ್‌ಡಿಯಲ್ಲಿ ಪೆಟ್ರೋಲಿಗೆ ಎಣ್ಣೆ ಬೆರೆಸುವ ಕೆಲಸವಿಲ್ಲ. ಆಟೋಲ್ಯೂಬ್ ಪಂಪ್ ಬೇರೆ ಟ್ಯಾಂಕಿನಿಂದ ಎಣ್ಣೆ ಎಳೆದು, ಆಕ್ಸಿಲರೇಟರ್ ಎಷ್ಟು ತಿರುಗಿದೆ ಎಂಬುದರ ಮೇಲೆ ಹೆಚ್ಚು ಕಡಿಮೆ ಕೊಡುತ್ತದೆ. ಬಲಗಡೆಯ ಪಂಪ್ ಕವರ್ ತೆಗೆಸಿ, ಆಕ್ಸಿಲರೇಟರ್ ತಿರುಗಿಸಿದಾಗ ಪಂಪಿನ ಪುಲ್ಲಿ ಕೇಬಲಿನೊಂದಿಗೆ ತಿರುಗುತ್ತಿದೆಯೇ ನೋಡಿ. ಎಣ್ಣೆಯ ಪಾರದರ್ಶಕ ಕೊಳವೆಗಳಲ್ಲಿ ಗಾಳಿಗುಳ್ಳೆ ಇರಬಾರದು. ಎಷ್ಟೋ ಬೈಕುಗಳಲ್ಲಿ ಪಂಪ್ ಕಿತ್ತುಹಾಕಿ, ಪೆಟ್ರೋಲ್ ಟ್ಯಾಂಕಿಗೇ ಎಣ್ಣೆ ಸುರಿಯುತ್ತಾರೆ. ಹಾಗೆಯೂ ಬೈಕ್ ಓಡುತ್ತದೆ. ಆದರೆ ಮೂಲ ಪಂಪನ್ನು ಜೊತೆಗೆ ಕೊಡುತ್ತಾರೆಯೇ ಕೇಳಿ, ಇಲ್ಲವಾದರೆ ಬೆಲೆಯಲ್ಲಿ ಇಳಿಸಿ.

ಆರನೇ ಹೆಜ್ಜೆ: ಓಡಿಸಿ ನೋಡುವುದು

ಹೊರಡುವ ಮೊದಲು ಬ್ರೇಕ್. ಭಾರತದ ಆರ್‌ಡಿಯ ದೊಡ್ಡ ಕೊರತೆ ಅದರ ಡ್ರಮ್ ಬ್ರೇಕ್ ಎಂಬುದು ಅಂದಿನಿಂದಲೂ ಎಲ್ಲರೂ ಹೇಳಿದ ಮಾತು. ಮುಂದಿನದು ಎರಡು ಲೀಡಿಂಗ್ ಶೂಗಳ ಡ್ರಮ್. ಎರಡೂ ಶೂ ಒಟ್ಟಿಗೆ ಡ್ರಮ್ಮನ್ನು ಹಿಡಿಯುವಂತೆ ಹೊರಗಿನ ಕಡ್ಡಿಯನ್ನು ಹೊಂದಿಸಿದ್ದರೆ ಸಾಕಷ್ಟು ಚೆನ್ನಾಗಿಯೇ ನಿಲ್ಲುತ್ತದೆ. ಹೊಂದಿಸದಿದ್ದರೆ ಒಂದೇ ಶೂ ಕೆಲಸ ಮಾಡುತ್ತದೆ, ಬೈಕ್ ನಿಲ್ಲುವುದಿಲ್ಲ. ಇದು ಕೆಲವೇ ನಿಮಿಷಗಳಲ್ಲಿ ಸರಿಯಾಗುವ ದೋಷ. ಡ್ರಮ್ ವಕ್ರವಾಗಿ ಲಿವರಿನಲ್ಲಿ ಬಡಿತ ಬರುತ್ತಿದ್ದರೆ ಮಾತ್ರ ಲೇತಿಗೆ ಹೋಗಬೇಕು. ಡಿಸ್ಕ್ ಹಾಕಿಸಿದ ಬೈಕುಗಳೂ ಸಿಗುತ್ತವೆ. ಓಡಿಸಲು ಅದು ನೆಮ್ಮದಿ, ಮೂಲರೂಪ ಬಯಸುವವರಿಗೆ ಅಲ್ಲ. ಯಾವುದು ಬೇಕು ಎಂದು ನೀವೇ ಮೊದಲು ತೀರ್ಮಾನಿಸಿರಬೇಕು.

ಆರೂ ಗೇರುಗಳಿಗೆ ಹೋಗಿ ಬನ್ನಿ. ಯಾವ ಗೇರಿನಲ್ಲಾದರೂ ಎಳೆತ ಬಿದ್ದಾಗ ತಾನಾಗಿ ಹೊರಗೆ ಜಿಗಿದರೆ ಇಂಜಿನ್ ಬಿಚ್ಚುವ ಕೆಲಸ ಕಾದಿದೆ. ಖಾಲಿ ರಸ್ತೆಯಲ್ಲಿ ಮೂರನೇ ಗೇರಿನಲ್ಲಿ ಕೆಳಗಿನ ವೇಗದಿಂದ ಪೂರ್ತಿ ತಿರುಗಿಸಿ. ಮೊದಲು ಸುಮ್ಮನಿದ್ದ ಇಂಜಿನ್ ಟ್ಯಾಕೋಮೀಟರಿನ ಮುಳ್ಳು ಅರ್ಧ ದಾಟುತ್ತಿದ್ದಂತೆ ಸ್ವರ ಬದಲಿಸಿ ಮುನ್ನುಗ್ಗಬೇಕು. ಜನ ಇದನ್ನು ಲಕ್ಷಗಟ್ಟಲೆ ಕೊಟ್ಟು ಕೊಳ್ಳುವುದು ಆ ಕ್ಷಣಕ್ಕಾಗಿ. ಏರಿಕೆ ಅಲ್ಲಲ್ಲಿ ತಡವರಿಸಿದರೆ ಕಾರ್ಬುರೇಟರ್, ಪಾಯಿಂಟ್ ಅಥವಾ ರೀಡ್ ಪೆಟಲ್. ಮುಳ್ಳು ಏರಿ ವೇಗ ಏರದಿದ್ದರೆ ಕ್ಲಚ್. ಇವೆಲ್ಲ ಸರಿಯಾಗುವಂಥವು. ನೇರ ರಸ್ತೆಯಲ್ಲಿ ಬೈಕ್ ಒಂದು ಬದಿಗೆ ಎಳೆದರೆ, ಹಿಂದಿನ ಚಕ್ರ ಮುಂದಿನದರ ಸಾಲಿನಲ್ಲಿ ಬಾರದಿದ್ದರೆ ಫ್ರೇಮ್ ಬಗ್ಗಿದೆಯೋ ಎಂದು ಅನುಮಾನಿಸಿ. ಅಂಥ ಬೈಕ್ ಬೇಡ.

ಏಳನೇ ಹೆಜ್ಜೆ: ಬೆಲೆ

ಆರ್‌ಡಿಗೆ ಮಾರುಕಟ್ಟೆ ದರವೆಂಬುದಿಲ್ಲ, ಅಲ್ಲಿಗೆ ಹೋದವರ ಆಸೆಯೇ ದರ. ನಾನು ಪಾಲಿಸುವ ಕ್ರಮ ಇದು. ಒಂದು ಹಾಳೆಯಲ್ಲಿ ಕಾಣೆಯಾದ ಮೂಲ ಭಾಗಗಳನ್ನು ಪಟ್ಟಿ ಮಾಡುತ್ತೇನೆ: ಸೈಲೆನ್ಸರ್ ಜೋಡಿ, ಮೀಟರುಗಳು, ಟ್ಯಾಂಕ್, ಸೈಡ್ ಪ್ಯಾನೆಲ್, ಏರ್ ಫಿಲ್ಟರ್ ಡಬ್ಬಿ, ಎಣ್ಣೆ ಪಂಪ್. ಪಕ್ಕದಲ್ಲಿ ಇಂಜಿನ್ ಕೆಲಸದ ಅಂದಾಜು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ, ಶಿವಾಜಿನಗರದಲ್ಲಿ ಕೇಳಿದರೆ ಯಾವುದು ಸಿಗುತ್ತದೆ, ಯಾವುದು ಸಿಗುವುದಿಲ್ಲ ಎಂದು ಒಂದು ಮಧ್ಯಾಹ್ನದಲ್ಲಿ ತಿಳಿಯುತ್ತದೆ. ಆಮೇಲೆ ಆ ಹಾಳೆಯನ್ನು ಮಾರುವವರ ಮುಂದಿಟ್ಟು ಮಾತನಾಡಬಹುದು. ಬೈಕನ್ನು ಹೀಗಳೆದು ಚೌಕಾಸಿ ಮಾಡುವ ಅಭ್ಯಾಸ ಬೇಡ. ಮೂವತ್ತು ವರ್ಷ ಸಾಕಿದವರ ಎದುರು ಹಾಗೆ ಮಾತನಾಡಿದರೆ ಅವರು ಬೈಕ್ ಕೊಡುವುದಿಲ್ಲ, ಕೊಡಬಾರದು ಕೂಡ.

ಹೊಸದಾಗಿ ಬಣ್ಣ ಬಳಿದು ಕ್ರೋಮ್ ಮಾಡಿಸಿದ ಬೈಕಿಗೂ ಮಾಸಿದ ಮೂಲ ಬಣ್ಣದಲ್ಲಿ ದಿನಾ ಓಡುತ್ತಿರುವ ಬೈಕಿಗೂ ಒಂದೇ ಬೆಲೆ ಹೇಳಿದರೆ ಎರಡನೆಯದನ್ನು ತನ್ನಿ. ಓಡುವ ಬೈಕಿನ ದೋಷಗಳು ಎದುರಿಗೆ ಕಾಣುತ್ತವೆ. ಪ್ರದರ್ಶನಕ್ಕೆ ಸಿಂಗರಿಸಿ ನಿಲ್ಲಿಸಿದ್ದರ ಸೀಲುಗಳು ಒಣಗಿ, ಟ್ಯಾಂಕಿನೊಳಗೆ ತುಕ್ಕು ಹಿಡಿದಿರುತ್ತದೆ. ಪೆಟ್ರೋಲ್ ಮುಚ್ಚಳ ತೆಗೆದು ಒಳಗೆ ನೋಡಿದರೆ ಇದೂ ಗೊತ್ತಾಗುತ್ತದೆ.

ಎಂಟನೇ ಹೆಜ್ಜೆ: ಹೆಸರು ಬದಲಾವಣೆ

ನಮೂನೆ 29 ಮತ್ತು 30ಕ್ಕೆ ಇಬ್ಬರೂ ಸಹಿ ಹಾಕಿ, ಹಣ ಬ್ಯಾಂಕ್ ಮೂಲಕ ಹೋಗಲಿ. ಒಂದೇ ರಾಜ್ಯದೊಳಗಾದರೆ ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕೆಂಬುದು ಮೋಟಾರು ವಾಹನ ಕಾಯ್ದೆಯ ನಿಯಮ. ವಿಮೆಯನ್ನೂ 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಹದಿನೈದು ವರ್ಷ ದಾಟಿದ ಬೈಕಿನ ನೋಂದಣಿ ಐದು ವರ್ಷಕ್ಕೊಮ್ಮೆ ನವೀಕರಣವಾಗುತ್ತದೆ, ಹಸಿರು ತೆರಿಗೆಯೂ ಬೀಳುತ್ತದೆ. ಬೈಕನ್ನು ಆರ್‌ಟಿಒ ಕಚೇರಿಗೆ ತೋರಿಸಲು ಒಯ್ಯುವ ದಿನ ಮೂಲ ಸೈಲೆನ್ಸರ್ ಹಾಕಿಯೇ ಒಯ್ಯಿರಿ. ರೇಸಿನ ಎಕ್ಸ್‌ಪ್ಯಾನ್ಷನ್ ಚೇಂಬರ್ ಹಾಕಿದ ಬೈಕ್ ಅಲ್ಲಿ ಉತ್ತೀರ್ಣವಾಗುವುದಿಲ್ಲ, ಊರಿನಲ್ಲಿ ಮಲಗಿದವರ ನಿದ್ದೆಗೂ ಒಳ್ಳೆಯದಲ್ಲ. ಹೊಗೆ ಪರೀಕ್ಷೆಗೆ ಹೆದರಬೇಡಿ. 2000ದ ಮಾರ್ಚ್ 31ರವರೆಗೆ ತಯಾರಾದ ದ್ವಿಚಕ್ರ ವಾಹನಗಳಿಗೆ ಕಾರ್ಬನ್ ಮಾನಾಕ್ಸೈಡ್ ಮಿತಿ 4.5 ಶೇಕಡ, ಹೈಡ್ರೋಕಾರ್ಬನ್ ಮಿತಿ 9,000 ಪಿಪಿಎಂ. ಇಂಜಿನ್ ಸರಿಯಾಗಿದ್ದು ಚೆನ್ನಾಗಿ ಬಿಸಿಯಾಗಿದ್ದರೆ ಸಾಮಾನ್ಯವಾಗಿ ತೊಂದರೆಯಾಗದು.

ವಿಂಟೇಜ್ ಎಂದು ನೋಂದಾಯಿಸಿ ಕೊಡುತ್ತೇನೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. 2021ರ ನಿಯಮದಂತೆ ಅದಕ್ಕೆ ಐವತ್ತು ವರ್ಷ ದಾಟಿರಬೇಕು. 1983ರ ಮೊದಲ ರಾಜದೂತ್ 350 ಆ ವಯಸ್ಸಿಗೆ ಬರುವುದು 2033ರಲ್ಲಿ.

ಕೊನೆಯ ಹೆಜ್ಜೆ: ಮನೆಗೆ ತಂದ ಮೊದಲ ತಿಂಗಳು

ಎಷ್ಟೇ ಚೆನ್ನಾಗಿದ್ದರೂ ಕೆಲವನ್ನು ಬದಲಿಸಿಯೇ ಓಡಿಸಿ: ಪೆಟ್ರೋಲ್ ಕೊಳವೆಗಳು, ಕಾರ್ಬುರೇಟರಿನ ರಬ್ಬರ್ ಮತ್ತು ವಾಷರ್‌ಗಳು, ಗೇರ್ ಎಣ್ಣೆ, ಬ್ರೇಕ್ ಮತ್ತು ಕ್ಲಚ್ ಕೇಬಲ್, ಟೈರುಗಳ ವಯಸ್ಸು ಆರು ವರ್ಷ ದಾಟಿದ್ದರೆ ಅವೂ. ಎಣ್ಣೆ ಟ್ಯಾಂಕ್ ಖಾಲಿ ಮಾಡಿ ಒಳ್ಳೆಯ ಟೂ ಸ್ಟ್ರೋಕ್ ಎಣ್ಣೆ ಹಾಕಿ, ಕೊಳವೆಯ ಗಾಳಿ ತೆಗೆಯಿರಿ.

ಈಗ ಬಂಕುಗಳಲ್ಲಿ ಸಿಗುವುದು 20 ಶೇಕಡ ಎಥನಾಲ್ ಇರುವ ಪೆಟ್ರೋಲ್. ಈ ಇಂಜಿನ್ ರೂಪಿಸಿದ ಕಾಲಕ್ಕೆ ಅಂಥದ್ದು ಇರಲಿಲ್ಲ. ಎಥನಾಲಿನಲ್ಲಿ ಆಮ್ಲಜನಕ ಇರುವುದರಿಂದ ಅದೇ ಜೆಟ್ಟಿನಲ್ಲಿ (ಕಾರ್ಬುರೇಟರಿನಲ್ಲಿ ಪೆಟ್ರೋಲ್ ಅಳೆದು ಬಿಡುವ ಸಣ್ಣ ರಂಧ್ರ) ಮಿಶ್ರಣ ತೆಳುವಾಗುತ್ತದೆ, ಪಿಸ್ಟನ್ ಹೆಚ್ಚು ಕಾಯುತ್ತದೆ. ಮೇನ್ ಜೆಟ್ ಒಂದು ಅಳತೆ ದೊಡ್ಡದಕ್ಕೆ ಬದಲಿಸಿ, ಪ್ಲಗ್ ಬಣ್ಣ ನೋಡಿ ಮತ್ತೆ ಹೊಂದಿಸಿ. ಎಥನಾಲ್ ನೀರನ್ನೂ ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ವಾರಗಟ್ಟಲೆ ಬೈಕ್ ನಿಲ್ಲಿಸುವುದಾದರೆ ಟ್ಯಾಂಕನ್ನೂ ಕಾರ್ಬುರೇಟರ್ ಬೌಲುಗಳನ್ನೂ ಖಾಲಿ ಮಾಡಿ ಇಡಿ.

ಘಟ್ಟದ ಕಡೆ ಹೊರಡುವವರಿಗೆ ಒಂದು ಮಾತು. ಆಗುಂಬೆಯನ್ನೋ ಚಾರ್ಮಾಡಿಯನ್ನೋ ಇಳಿಯುವಾಗ ಆಕ್ಸಿಲರೇಟರ್ ಪೂರ್ತಿ ಮುಚ್ಚಿ ಗೇರಿನಲ್ಲೇ ಬಹಳ ದೂರ ಇಳಿಯಬೇಡಿ. ಇಂಜಿನ್ ವೇಗವಾಗಿ ತಿರುಗುತ್ತಿದ್ದರೂ ಆಗ ಪೆಟ್ರೋಲೂ ಎಣ್ಣೆಯೂ ತೀರ ಕಡಿಮೆ ಬರುತ್ತವೆ. ಆಗಾಗ ಕ್ಲಚ್ ಹಿಡಿದು ಒಂದೆರಡು ಸಲ ಆಕ್ಸಿಲರೇಟರ್ ತಿರುಗಿಸಿದರೆ ಪಿಸ್ಟನ್ನಿಗೆ ಎಣ್ಣೆ ಸಿಗುತ್ತದೆ.

ಮೊದಲ ಐನೂರು ಕಿಲೋಮೀಟರ್ ಊರಿನ ಸುತ್ತಮುತ್ತಲೇ ಓಡಿಸಿ. ಜೇಬಿನಲ್ಲಿ ಪ್ಲಗ್ ಪಾನಾ ಮತ್ತು ಎರಡು ಹೊಸ ಪ್ಲಗ್ ಇರಲಿ. ಪ್ರತಿ ಸಲ ಮನೆಗೆ ಬಂದ ಮೇಲೆ ಎರಡೂ ಪ್ಲಗ್ ಬಿಚ್ಚಿ ನೋಡಿ, ಎಣ್ಣೆ ಟ್ಯಾಂಕ್ ಎಷ್ಟು ಇಳಿದಿದೆ ಎಂದು ಪುಸ್ತಕದಲ್ಲಿ ಬರೆದಿಡಿ. ಎಡಗಡೆಯ ಪ್ಲಗ್ ಬೆಳ್ಳಗಾಗುತ್ತಾ ಹೋದರೆ ಅಥವಾ ಎಣ್ಣೆ ಇಳಿಯುವುದು ಕಡಿಮೆಯಾದರೆ ಅಂದೇ ಬೈಕ್ ನಿಲ್ಲಿಸಿ ಮೆಕ್ಯಾನಿಕ್ಕಿಗೆ ಫೋನ್ ಮಾಡಿ.